ಪೀಡಿಯಾಟ್ರಿಕ್ಸ್ ಎಂಡಿ ಆದ್ಮೇಲೆ ಮೆಡಿಕಲ್ ಜೆನೆಟಿಕ್ಸ್ ಡಿಎಂ: ಹಾಸನದ ಕಡೆ ವಾಪಸ್ ಬಂದು ಬದುಕೋಕಾಗುತ್ತಾ?

ಹೇಮಾವತಿ_ಪಿಜಿ
ಎಲ್ರಿಗೂ ನಮಸ್ಕಾರ. ನಾನು ಹೊಳೆನರಸೀಪುರದ ಕಡೆಯವಳು, ಎಂಡಿ ಪೀಡಿಯಾಟ್ರಿಕ್ಸ್ ಕೊನೇ ವರ್ಷ. ಥೀಸಿಸ್ ಕೊಟ್ಟಾಯ್ತು, ಈಗ ತಲೇಲಿ ಓಡ್ತಿರೋದು ಮುಂದೇನು ಅನ್ನೋದೊಂದೇ. ಮನೇಲಿ, ಡಿಪಾರ್ಟ್‌ಮೆಂಟಲ್ಲಿ, ನೆಂಟರಿಷ್ಟರಲ್ಲಿ ಎಲ್ರದ್ದೂ ಒಂದೇ ಮಾತು, ನಿಯೋನೇಟಾಲಜಿ (ನವಜಾತ ಶಿಶುಗಳ ಸ್ಪೆಷಾಲಿಟಿ) ಮಾಡು, ಹಾಸನದಲ್ಲಿ ಒಂದು ಎನ್‌ಐಸಿಯು ಹಾಕ್ಕೊಂಡ್ರೆ ಆಯ್ತಲ್ಲ ಅಂತ. ನನ್ನ ಮನಸ್ಸಿರೋದು ಮೆಡಿಕಲ್ ಜೆನೆಟಿಕ್ಸ್ ಮೇಲೆ, ಅಂದ್ರೆ ಜೀನ್‌ನಿಂದ ಬರೋ ಕಾಯಿಲೆಗಳ ವಿಭಾಗ. ವಾರ್ಡಿಗೆ ಫಿಟ್ಸ್ ಅಂತ ಒಂದು ಮಗು ಬರುತ್ತೆ, ಕತ್ತು ನಿಂತಿಲ್ಲ ಅಂತ ಇನ್ನೊಂದು, ಲಿವರ್ ಸ್ಪ್ಲೀನ್ ಎರಡೂ ಊದಿರೋದು ಮತ್ತೊಂದು, ಹಿಂದಿನ ಮಗೂನೂ ಹಿಂಗೇ ಹೋಯ್ತು ಸಾರ್ ಅಂತ ತಾಯಿ ಹೇಳ್ತಾಳೆ, ನಾವು ಸಂಬಂಧದಲ್ಲಿ ಮದ್ವೆನಾ ಅಂತ ಕೇಳ್ತೀವಿ, ಹೂಂ ಅಂತಾಳೆ, ಕೇಸ್‌ಶೀಟಲ್ಲಿ ಥರ್ಡ್ ಡಿಗ್ರಿ ಕನ್ಸ್ಯಾಂಗ್ವಿನಿಟಿ ಅಂತ ಬರ್ದು ಬೆಂಗಳೂರಿಗೆ ಚೀಟಿ ಕೊಡ್ತೀವಿ. ಅಲ್ಲಿಂದಾಚೆ ಆ ಮಗು ಏನಾಯ್ತು ಅಂತ ನಮಗೆ ತಿಳಿಯೋದೇ ಇಲ್ಲ.

ಕೇಳ್ಬೇಕಾಗಿರೋದು ಇಷ್ಟು. ಎಂಡಿ ಆದ್ಮೇಲಿನ ಈ ಮೂರು ವರ್ಷದ ಸೂಪರ್ ಸ್ಪೆಷಾಲಿಟಿ ಕೋರ್ಸು ಡಿಎಂನಲ್ಲಿ ನಿಜವಾಗ್ಲೂ ಏನ್ ಕಲಿಸ್ತಾರೆ, ಪೂರ್ತಿ ಲ್ಯಾಬಲ್ಲೇ ಕೂರೋದಾ ಇಲ್ಲಾ ಪೇಷಂಟ್ ನೋಡೋದಾ? ಅಮೆರಿಕಕ್ಕೆ ಹೋಗಿ ರೆಸಿಡೆನ್ಸಿ ಮಾಡೋದು ಒಳ್ಳೇದಾ? ಮುಗಿಸ್ಕೊಂಡು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದ್ರೆ ಮಾಡೋಕೆ ಕೆಲ್ಸ ಇರುತ್ತಾ? ಬಲ್ಲವರು ಹೇಳಿ.

ಬಾಳೆಮಂಡಿ_ಮಂಜ
ಮೇಡಂ, ಹಾಸನದಲ್ಲಿ ಜೆನೆಟಿಕ್ಸ್ ಕ್ಲಿನಿಕ್ ಅಂತ ಬೋರ್ಡ್ ಹಾಕಿದ್ರೆ ಜನ ಹೈಬ್ರಿಡ್ ಆಲೂಗಡ್ಡೆ ಬಿತ್ತನೆ ಬೀಜ ಇದೆಯಾ ಅಂತ ಬರ್ತಾರೆ 😂 ನಿಯೋ ಮಾಡ್ಕೊಳ್ಳಿ ಸುಮ್ನೆ.

ಜೀನ್_ಗೌಡ
ಮಂಜಣ್ಣ ಹೇಳಿದ್ದು ನಗೋಕೆ ಚೆನ್ನಾಗಿದೆ, ನಮ್ಮಪ್ಪನೂ ಹೆಚ್ಚುಕಮ್ಮಿ ಅದನ್ನೇ ಅಂದಿದ್ರು. ನಾನು ಅರಸೀಕೆರೆಯವನು, ಈಗ ಉತ್ತರದ ಕಡೆ ಒಂದು ಇನ್‌ಸ್ಟಿಟ್ಯೂಟಲ್ಲಿ ಡಿಎಂ ಮೆಡಿಕಲ್ ಜೆನೆಟಿಕ್ಸ್ ಮಾಡ್ತಿದ್ದೀನಿ, ಆದ್ರಿಂದ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತಲ್ಲಿ ಓದ್ಕೊಳ್ಳಿ.

ಮೊದಲು ಎಂಟ್ರಿ ವಿಷಯ. ಪೀಡಿಯಾಟ್ರಿಕ್ಸ್, ಜನರಲ್ ಮೆಡಿಸಿನ್, ಓಬಿಜಿ (ಹೆರಿಗೆ-ಸ್ತ್ರೀರೋಗ) ಮಾಡಿದವರು ಬರಬಹುದು, ನಮ್ಮ ಬ್ಯಾಚಲ್ಲಿ ಜಾಸ್ತಿ ಮಕ್ಕಳ ಡಾಕ್ಟರುಗಳೇ. ದೆಹಲಿ ಏಮ್ಸ್ ಥರದವಕ್ಕೆ ಐಎನ್‌ಐ-ಎಸ್‌ಎಸ್ ಅನ್ನೋ ಪ್ರವೇಶ ಪರೀಕ್ಷೆ, ಅದು ವರ್ಷಕ್ಕೆ ಎರಡು ಸಲ ಬರುತ್ತೆ. ನೀಟ್-ಎಸ್‌ಎಸ್ ಬೇರೆ, ಡಿಆರ್‌ಎನ್‌ಬಿ (ಡಿಎಂಗೆ ಸಮನಾದ ಕೋರ್ಸು) ಸೀಟುಗಳೂ ಅದರಲ್ಲೇ ಸಿಗೋದು. ನೀಟ್-ಎಸ್‌ಎಸ್‌ನಲ್ಲಿ ಪ್ರಶ್ನೆಪತ್ರಿಕೆ ನಿಮ್ಮ ಎಂಡಿ ವಿಷಯದ ಗುಂಪಿನದೇ ಇರೋದ್ರಿಂದ ಪ್ರತ್ಯೇಕವಾಗಿ ಜೆನೆಟಿಕ್ಸ್ ಉರುಹೊಡೆಯೋದು ಬೇಡ, ಪೀಡಿಯಾಟ್ರಿಕ್ಸ್ ಗಟ್ಟಿ ಇದ್ರೆ ಸಾಕು. ಈ ಕೋರ್ಸನ್ನ ದೇಶದಲ್ಲಿ ಮೊದಲು ಶುರು ಮಾಡಿದ್ದು ಲಖನೌ ಎಸ್‌ಜಿಪಿಜಿಐ. ಡಾ. ಎಸ್.ಎಸ್. ಅಗರ್ವಾಲ್ ಕಟ್ಟಿದ ಡಿಪಾರ್ಟ್‌ಮೆಂಟ್ ಅದು, ಆಮೇಲೆ ಡಾ. ಶುಭಾ ಫಡ್ಕೆ ಬಹಳ ಕಾಲ ನಡೆಸಿದ್ರು. ಹೈದರಾಬಾದ್ ನಿಮ್ಸ್‌ನಲ್ಲಿ ಡಿಎಂ ಇದೆ, ದೆಹಲಿ ಗಂಗಾರಾಮ್‌ನಲ್ಲಿ ಡಿಆರ್‌ಎನ್‌ಬಿ ಇದೆ. ಕಾರ್ಡಿಯಾಲಜಿ ಥರ ನೂರಾರು ಸೀಟಿನ ಮಾತಲ್ಲ ಇದು, ಹಂಗಂತ ನೂಕುನುಗ್ಗಲೂ ಇಲ್ಲ, ಬೇಕು ಅಂತ ಬರೋರು ಕಮ್ಮಿ.

ಈಗ ಕೆಲಸ. ಲ್ಯಾಬಲ್ಲೇ ಕೂರಿಸ್ತಾರೆ ಅನ್ನೋದು ಹೊರಗಿನವರ ಕಲ್ಪನೆ. ಬೆಳಗ್ಗೆ ಒಪಿಡಿ. ಒಂದು ಫ್ಯಾಮಿಲಿಗೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆನೂ ಹಿಡಿಯುತ್ತೆ. ಕೂತ ತಕ್ಷಣ ಪೆಡಿಗ್ರೀ (ವಂಶಾವಳಿ) ಬರೀಬೇಕು, ಮೂರು ತಲೆಮಾರು ಕಮ್ಮಿ ಅಂದ್ರೆ. ಅಬಾರ್ಶನ್ ಎಷ್ಟು, ಸತ್ತು ಹುಟ್ಟಿದ್ದು ಎಷ್ಟು, ಚಿಕ್ಕಪ್ಪನ ಮಗ ಯಾಕೆ ಹೋದ, ಅಜ್ಜಿ ಯಾವ ಊರಿಂದ ಬಂದೋಳು, ಎಲ್ಲಾ ಕೇಳ್ಬೇಕು. ಜನ ಮೊದಲ ಸಲ ಕೇಳಿದ್ರೆ ಹೇಳಲ್ಲ, ಅತ್ತೆ ಆಚೆ ಹೋದ್ಮೇಲೆ ಸೊಸೆ ಹೇಳ್ತಾಳೆ. ಆಮೇಲೆ ಮಗೂನ ಪೂರ್ತಿ ಬಟ್ಟೆ ಬಿಚ್ಚಿಸಿ ನೋಡೋದು, ಕಿವಿ ಎಲ್ಲಿ ಕೂತಿದೆ, ಕಣ್ಣುಗಳ ಮಧ್ಯೆ ಅಂತರ ಎಷ್ಟು, ಅಂಗೈ ಗೆರೆ, ಬೆರಳ ಉದ್ದ, ಚರ್ಮದ ಮೇಲೆ ಮಚ್ಚೆ, ಎಲ್ಲಾ ಟೇಪ್ ಹಿಡಿದು ಅಳೆಯೋದು. ಇದಕ್ಕೆ ಡಿಸ್ಮಾರ್ಫಾಲಜಿ ಅಂತಾರೆ. ಮೊದಲ ಆರು ತಿಂಗಳು ಏನೂ ಕಾಣಲ್ಲ, ಸೀನಿಯರ್ ಬಾಗಿಲಲ್ಲೇ ನಿಂತು ಒಂದು ಸಿಂಡ್ರೋಮ್ ಹೆಸರು ಹೇಳಿ ಹೋಗ್ತಾರೆ, ಹೊಟ್ಟೆ ಉರಿಯುತ್ತೆ.

ಲ್ಯಾಬ್ ಪೋಸ್ಟಿಂಗ್ ಇದ್ದೇ ಇರುತ್ತೆ. ಸೈಟೊಜೆನೆಟಿಕ್ಸ್‌ನಲ್ಲಿ ನೀವೇ ಕಲ್ಚರ್ ಹಾಕಿ, ಸ್ಲೈಡ್ ಮಾಡಿ, 46 ಕ್ರೋಮೋಸೋಮ್ ಜೋಡಿಸಬೇಕು, ಮಾಲಿಕ್ಯುಲರ್‌ನಲ್ಲಿ ಡಿಎನ್‌ಎ ತೆಗೆಯೋದ್ರಿಂದ ಹಿಡಿದು ಸ್ಯಾಂಗರ್ (ಜೀನ್‌ನ ಅಕ್ಷರ ಓದೋದು), ಎಂಎಲ್‌ಪಿಎ (ಜೀನ್‌ನ ಪ್ರತಿ ಎಷ್ಟಿದೆ ಅಂತ ಎಣಿಸೋದು) ತನಕ, ಬಯೋಕೆಮಿಕಲ್‌ನಲ್ಲಿ ಎಂಜೈಮ್ ಅಸ್ಸೇ, ಟಿಎಂಎಸ್ (ರಕ್ತದಲ್ಲಿ ಮೆಟಬಾಲಿಕ್ ಕಾಯಿಲೆ ಹುಡುಕೋ ಟೆಸ್ಟ್). ಫೀಟಲ್ ಮೆಡಿಸಿನ್‌ನಲ್ಲಿ ಸ್ಕ್ಯಾನ್ ನೋಡೋದು, ಆಮ್ನಿಯೋಸೆಂಟೆಸಿಸ್ (ಹೊಟ್ಟೇಲಿರೋ ಮಗು ಸುತ್ತಲ ನೀರು ತೆಗೆದು ಪರೀಕ್ಷೆ). ಇನ್ನೊಂದು ಯಾರೂ ಮಾತಾಡದ ಪೋಸ್ಟಿಂಗ್ ಇದೆ, ಪೆರಿನೇಟಲ್ ಆಟಾಪ್ಸಿ. ಹೊಟ್ಟೇಲೇ ಹೋದ ಮಗೂನ ಪರೀಕ್ಷೆ ಮಾಡಿ, ಎಕ್ಸ್‌ರೇ ತೆಗೆದು, ಮುಂದಿನ ಬಸಿರಲ್ಲಿ ಹಿಂಗೇ ಆಗೋ ಸಾಧ್ಯತೆ ಎಷ್ಟು ಅಂತ ಆ ದಂಪತಿಗೆ ಹೇಳೋದು. ನನ್ನ ಕೇಳಿದ್ರೆ ಇಡೀ ಕೋರ್ಸಲ್ಲಿ ಅತಿ ಕಷ್ಟದ್ದು ಅದು, ಅತಿ ಉಪಯೋಗದ್ದೂ ಅದೇ.

ಥೀಸಿಸ್ ಇದೆ, ವಾರಕ್ಕೊಂದು ಜರ್ನಲ್ ಕ್ಲಬ್ ಇದೆ, ಎಕ್ಸಿಟ್ ಎಕ್ಸಾಮಲ್ಲಿ ಲಾಂಗ್ ಕೇಸ್ ಇರುತ್ತೆ. ರಾತ್ರಿ ಡ್ಯೂಟಿ ಪೀಡಿಯಾಟ್ರಿಕ್ಸ್‌ಗಿಂತ ಎಷ್ಟೋ ಹಗುರ.

ಹೇಮಾವತಿ_ಪಿಜಿ
ತುಂಬಾ ಥ್ಯಾಂಕ್ಸ್ ಸಾರ್. ಒಂದು ಭಯ, ಎಕ್ಸೋಮ್ (ಜೀನ್‌ಗಳ ಪ್ರೋಟೀನ್ ಕೋಡ್ ಮಾಡೋ ಭಾಗಗಳನ್ನ ಓದೋ ಟೆಸ್ಟ್) ಡೇಟಾ ಅಂದ್ರೆ ಕಂಪ್ಯೂಟರ್ ಕೋಡಿಂಗ್ ಎಲ್ಲಾ ಬರ್ಬೇಕಾ? ನಂಗೆ ಎಕ್ಸೆಲ್ ಬಿಟ್ರೆ ಗೊತ್ತಿಲ್ಲ.

ಜೀನ್_ಗೌಡ
ಸಾರ್ ಬೇಡ, ನಾನೂ ನಿಮ್ಮ ವಯಸ್ಸಿನವನೇ. ಕೋಡಿಂಗ್ ಬೇಡ, ಅದಕ್ಕೆ ಬಯೋಇನ್ಫರ್ಮ್ಯಾಟಿಕ್ಸ್ ಜನ ಇದ್ದಾರೆ. ಒಂದು ಎಕ್ಸೋಮ್ ಮಾಡಿದ್ರೆ ಸಾವಿರಾರು ವೇರಿಯಂಟ್ (ಡಿಎನ್‌ಎ ವ್ಯತ್ಯಾಸ) ಬರುತ್ತೆ, ಅದರಲ್ಲಿ ಈ ಮಗೂಗೆ ಸಂಬಂಧಪಟ್ಟದ್ದು ಯಾವುದು ಅಂತ ಹುಡುಕೋದು ನಮ್ಮ ಕೆಲಸ. ಕ್ಲಿನ್‌ವಾರ್ ಡೇಟಾಬೇಸಲ್ಲಿ ಹಿಂದೆ ಯಾರಾದ್ರೂ ರಿಪೋರ್ಟ್ ಮಾಡಿದ್ದಾರಾ, ನೊಮ್ಯಾಡ್ ಡೇಟಾಬೇಸಲ್ಲಿ ಆರೋಗ್ಯವಂತರಲ್ಲೂ ಇದು ಎಷ್ಟು ಸಾಮಾನ್ಯ ಅಂತ ನೋಡಿ, 2015ರ ಎಸಿಎಂಜಿ (ಅಮೆರಿಕದ ಜೆನೆಟಿಕ್ಸ್ ಸಂಸ್ಥೆ) ಮಾರ್ಗಸೂಚಿ ಪ್ರಕಾರ ಐದರಲ್ಲಿ ಒಂದು ಕ್ಲಾಸಿಗೆ ಹಾಕ್ಬೇಕು. ಈ ಕಡೆ ಪಕ್ಕಾ ಪ್ಯಾಥೋಜೆನಿಕ್ (ಕಾಯಿಲೆ ತರೋದು), ಆ ಕಡೆ ಬಿನೈನ್ (ತೊಂದ್ರೆ ಇಲ್ಲದ್ದು), ಮಧ್ಯದಲ್ಲಿ ವಿಯುಎಸ್ ಅಂತ ಒಂದು ಪೀಡೆ, ಅಂದ್ರೆ ಇದು ಕಾಯಿಲೆಗೆ ಕಾರಣನೋ ಅಲ್ವೋ ಈಗ ಹೇಳೋಕಾಗಲ್ಲ ಅನ್ನೋ ವೇರಿಯಂಟು. ಅದನ್ನ ಹಿಡ್ಕೊಂಡು ಯಾವ ನಿರ್ಧಾರನೂ ಮಾಡೋ ಹಂಗಿಲ್ಲ, ಅದಕ್ಕೆ ಗರ್ಭಪಾತವಂತೂ ಸುತಾರಾಂ ಇಲ್ಲ. ಅಪ್ಪ ಅಮ್ಮನ ಸ್ಯಾಂಪಲ್ ಹಾಕಿ ನೋಡ್ಬೇಕು, ಇನ್ನೂ ತಿಳೀದಿದ್ರೆ ವರ್ಷ ಬಿಟ್ಟು ಮತ್ತೆ ನೋಡ್ಬೇಕು.

ಲೆಕ್ಕಾಚಾರ_ಲೋಕಿ
ಒಂದ್ ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಈಗ ಲ್ಯಾಬ್‌ನೋರು ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ರಿಪೋರ್ಟ್ ಪಿಡಿಎಫ್ ವಾಟ್ಸಾಪಿಗೆ ಬರುತ್ತೆ, ಕಂಪನಿಯವರೇ ಫೋನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಕೊಡ್ತಾರೆ, ಮುಖದ ಫೋಟೋ ಹಾಕಿದ್ರೆ ಸಿಂಡ್ರೋಮ್ ಹೆಸರು ಹೇಳೋ ಆಪ್ ಇದೆ. ಅದಕ್ಕೆ ಎಂಬಿಬಿಎಸ್, ಎಂಡಿ ಎಲ್ಲಾ ಮುಗಿಸಿ ಮತ್ತೆ ಮೂರು ವರ್ಷ ಯಾಕೆ? ಎಕ್ಸೋಮ್ ಯಾವ ಡಾಕ್ಟ್ರು ಬರೆದ್ರೂ ಅದೇ ಎಕ್ಸೋಮ್ ತಾನೆ.

ಟ್ಯೂಬ್_ಮಾಸ್ಟರ್
ಲೋಕಿ ಸಾರ್, ನಾನು ಹಾಸನದಲ್ಲಿ ಕಲೆಕ್ಷನ್ ಸೆಂಟರ್ ನೋಡ್ಕೊಳ್ಳೋನು, ಡಾಕ್ಟ್ರಲ್ಲ. ಆದ್ರೂ ಇದಕ್ಕೆ ನಾನೇ ಉತ್ತರ ಕೊಡ್ತೀನಿ. ಡಿಎನ್‌ಎ ಟೆಸ್ಟಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ಯಾರಿಯೊಟೈಪಿಗೆ (ಕ್ರೋಮೋಸೋಮ್ ಜೋಡಿಸಿ ನೋಡೋ ಟೆಸ್ಟು) ಹಸಿರು ಮುಚ್ಚಳದ ಹೆಪಾರಿನ್, ಯಾಕಂದ್ರೆ ಅದರಲ್ಲಿ ಜೀವಂತ ಕಣ ಬೆಳೀಬೇಕು. ಎರಡೂ ಒಂದೇ ಅನ್ಕೊಂಡು ಕ್ಯಾರಿಯೊಟೈಪಿಗೆ ಇಡಿಟಿಎ ಕಳ್ಸೋರು ಈಗ್ಲೂ ಇದ್ದಾರೆ, ಕಲ್ಚರ್ ಫೇಲ್ ಅಂತ ವಾಪಸ್ ಬರುತ್ತೆ, ತಾಯಿ ಮತ್ತೆ ಆಲೂರಿಂದ ಬಸ್ ಹತ್ಕೊಂಡು ಬರ್ಬೇಕು. ಅಮೋನಿಯಾಗೆ ಐಸಲ್ಲಿಟ್ಟು ತಕ್ಷಣ ಮಾಡ್ಬೇಕು, ಇಲ್ಲಾಂದ್ರೆ ಸುಳ್ಳು ಲೆಕ್ಕ ಬರುತ್ತೆ.

ಅದಕ್ಕಿಂತ ದೊಡ್ಡ ತಲೆನೋವು ಫಾರಂ. ಎಕ್ಸೋಮ್ ಫಾರಂನಲ್ಲಿ ಕ್ಲಿನಿಕಲ್ ಡೀಟೇಲ್ಸ್ ಅಂತ ಅರ್ಧ ಪುಟ ಜಾಗ ಬಿಟ್ಟಿರ್ತಾರೆ, ಅಲ್ಲಿ ನಮ್ಮ ಕಡೆಯವರು ಬರೆಯೋದು 'ಡೆವಲಪ್‌ಮೆಂಟಲ್ ಡಿಲೇ' ಅಂತ ಎರಡು ಪದ. ಆಮೇಲೆ ಲ್ಯಾಬಿಂದ ನನಗೆ ಫೋನು, ಸಾರ್ ಮಗು ತಲೆ ಸೈಜ್ ಎಷ್ಟು, ಫಿಟ್ಸ್ ಇದೆಯಾ, ಎಂಆರ್‌ಐ ಆಗಿದೆಯಾ ಅಂತ. ನಾನ್ ಎಲ್ಲಿಂದ ತರ್ಲಿ?

ಜೀನ್_ಗೌಡ
ಟ್ಯೂಬ್ ಮಾಸ್ಟರ್ ಅವ್ರಿಗೆ ನನ್ನದೊಂದು ಸಲಾಂ. ಲೋಕಿಯವರೇ, ಯಾವ ಡಾಕ್ಟ್ರು ಬರೆದ್ರೂ ಅದೇ ಎಕ್ಸೋಮ್ ಅಂದ್ರಲ್ಲ, ಅಲ್ಲೇ ಇರೋದು ತಪ್ಪು. ಫ್ರಜೈಲ್ ಎಕ್ಸ್ ಅನ್ನೋ ಕಾಯಿಲೆ ಇದೆ, ಹುಡುಗರಲ್ಲಿ ಬುದ್ಧಿ ಬೆಳವಣಿಗೆ ಕಮ್ಮಿ ಆಗೋಕೆ ದೊಡ್ಡ ವಂಶಪಾರಂಪರ್ಯ ಕಾರಣ ಅದು, ಎಕ್ಸೋಮಲ್ಲಿ ಸಿಗೋದೇ ಇಲ್ಲ ಯಾಕಂದ್ರೆ ಅದು ರಿಪೀಟ್, ಅಂದ್ರೆ ಡಿಎನ್‌ಎಯ ಒಂದೇ ಚೂರು ಮತ್ತೆ ಮತ್ತೆ ಬರೋ ಜಾಗ, ಉದ್ದ ಆಗೋ ಕಾಯಿಲೆ. ಎಸ್‌ಎಂಎ (ಸ್ನಾಯು ಸೊರಗೋ ವಂಶಪಾರಂಪರ್ಯ ಕಾಯಿಲೆ) ಅಂತ ಅನುಮಾನ ಇದ್ರೆ ಎಸ್‌ಎಂಎನ್1 ಜೀನ್‌ನ ಎಂಎಲ್‌ಪಿಎ ಮೊದಲು ಮಾಡಿಸ್ಬೇಕು. ಹುಟ್ಟಿದಾಗ ಮೈ ಪೂರ್ತಿ ಮೆತ್ತಗಿದ್ದು ಆಮೇಲೆ ವಿಪರೀತ ತಿನ್ನೋಕೆ ಶುರು ಮಾಡಿದ ಮಗು ಪ್ರಾಡರ್-ವಿಲ್ಲಿ ಇರಬಹುದು, ಅದಕ್ಕೆ ಮಿಥೈಲೇಶನ್ ಟೆಸ್ಟು. ಇದ್ಯಾವುದೂ ಯೋಚಿಸದೆ ಎಕ್ಸೋಮ್ ಬರೆದು, ನಾರ್ಮಲ್ ಅಂತ ಬಂದು, ಮಗೂಗೆ ಜೆನೆಟಿಕ್ ಪ್ರಾಬ್ಲಮ್ ಇಲ್ಲ ಅಂತ ಮನೆಗೆ ಕಳಿಸಿರೋ ಕೇಸ್ ನಮ್ಮ ಒಪಿಡಿಗೆ ಬರ್ತಾನೇ ಇರ್ತವೆ. ಅವ್ರು ಸಾಲ ಮಾಡಿ ದುಡ್ಡು ಕೊಟ್ಟಿರ್ತಾರೆ. ಆಪ್ ನಾವೂ ಬಳಸ್ತೀವಿ, ಅದು ಹತ್ತು ಹೆಸರು ಕೊಡುತ್ತೆ, ಅದರಲ್ಲಿ ಒಂಬತ್ತು ಹೊಡೆದುಹಾಕೋಕೆ ಮಗೂನ ಮುಟ್ಟಿ ನೋಡಿರ್ಬೇಕು.

ಕೊಪ್ಪದ_ಅಮ್ಮ
ನಾನು ಡಾಕ್ಟರ್ ಅಲ್ಲ, ಹೀಗೇ ಓದ್ತಾ ಇದ್ದೆ. ಬರೀಬೇಕು ಅನ್ನಿಸ್ತು ಮಾರಾಯ್ರೆ.

ನನ್ನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯು ಸೊರಗ್ತಾ ಹೋಗೋ ಕಾಯಿಲೆ. ಮೀನಖಂಡ ದಪ್ಪ ಇತ್ತು, ಗಟ್ಟಿ ಹುಡುಗ ಅಂತ ಎಲ್ಲರೂ ಖುಷಿ ಪಡ್ತಿದ್ರು. ಬೀಳ್ತಿದ್ದ, ತುದಿಗಾಲಲ್ಲಿ ನಡೀತಿದ್ದ, ಕೂತಲ್ಲಿಂದ ಏಳುವಾಗ ತೊಡೆ ಮೇಲೆ ಕೈ ಊರಿಕೊಂಡು ಏಳ್ತಿದ್ದ. ಒಂದು ಕಡೆ ರಕ್ತ ಪರೀಕ್ಷೆ ಮಾಡಿ ಎಸ್‌ಜಿಒಟಿ ಎಸ್‌ಜಿಪಿಟಿ ಜಾಸ್ತಿ ಇದೆ ಲಿವರ್ ತೊಂದ್ರೆ ಅಂದ್ರು, ನಾವು ಕಾಮಾಲೆ ಅಂತ ನಾಟಿ ಔಷಧಿ, ಪಥ್ಯ ಎಲ್ಲಾ ಮಾಡಿದ್ವಿ. ಆ ಎಂಜೈಮು ಸ್ನಾಯುವಿನಿಂದಲೂ ಬರುತ್ತೆ, ಸಿಪಿಕೆ ಅನ್ನೋ ಒಂದು ಸ್ನಾಯುವಿನ ಎಂಜೈಮ್ ಟೆಸ್ಟ್ ಮಾಡಿಸಿದ್ರೆ ಗೊತ್ತಾಗ್ತಿತ್ತು ಅಂತ ಎಷ್ಟೋ ಕಾಲದ ಮೇಲೆ ಜೆನೆಟಿಕ್ಸ್ ಡಾಕ್ಟರ್ ಹೇಳಿದ್ರು. ಎಷ್ಟೋ ಡಾಕ್ಟರ್ ಹತ್ರ ಹೋಗಿದ್ವಿ, ನಿಮ್ಮ ಅಣ್ಣತಮ್ಮಂದಿರು ಹೇಗಿದ್ದಾರೆ ಅಂತ ನನ್ನನ್ನ ಕೇಳಿದ್ದು ಆ ಮೇಡಂ ಒಬ್ಬರೇ. ನನ್ನ ತಮ್ಮನೂ ಹೀಗೇ ನಡೆಯೋದು ಬಿಟ್ಟು ಹೋದವನು. ಪೋಲಿಯೋ ಅಂತ ನಮ್ಮ ಮನೇಲಿ ಅಂದ್ಕೊಂಡಿದ್ವಿ.

ಅತ್ತೆ ಮನೇಲಿ ಇದು ನಿನ್ನ ಕಡೆಯಿಂದ ಬಂದದ್ದು ಅಂತ ಶುರುವಾಯ್ತು. ಮೇಡಂ ಅತ್ತೆನ ಕರೆಸಿ ಕೂರಿಸಿ, ಪ್ರತಿಯೊಬ್ಬ ಮನುಷ್ಯನಲ್ಲೂ ಹೀಗೆ ಕೆಟ್ಟ ಜೀನು ಕೆಲವು ಇದ್ದೇ ಇರುತ್ತೆ ಅಮ್ಮ, ನಿಮ್ಮಲ್ಲೂ ನನ್ನಲ್ಲೂ ಇದೆ, ಯಾರೂ ಬೇಕಂತ ಕೊಡೋದಲ್ಲ ಅಂತ ಪೇಪರ್ ಮೇಲೆ ಬರೆದು ತೋರಿಸಿದ್ರು. ಅತ್ತೆ ಅದಾದ್ಮೇಲೆ ಆ ಮಾತು ಎತ್ತಲಿಲ್ಲ. ನನ್ನ ತಂಗಿಗೆ ಆಗ ಮದುವೆ ಗೊತ್ತಾಗಿತ್ತು, ಅವಳಿಗೂ ಟೆಸ್ಟ್ ಮಾಡಿಸಿದ್ವಿ, ಅವಳಲ್ಲಿ ಇಲ್ಲ. ಮಗನಿಗೆ ಸ್ಟೆರಾಯ್ಡ್, ಫಿಸಿಯೋಥೆರಪಿ ನಡೀತಿದೆ, ವಾಸಿ ಆಗೋದಲ್ಲ ಅಂತ ಗೊತ್ತು. ಆದರೆ ತಂಗಿಗೆ ಈಗ ಒಬ್ಬ ಮಗ ಇದ್ದಾನೆ, ತೋಟದಲ್ಲೆಲ್ಲ ಓಡ್ತಾನೆ. ಹೇಮಾವತಿ ಮೇಡಂ, ನೀವು ಮಾಡಿ ಅಂತಷ್ಟೇ ನಾನು ಹೇಳೋದು.

ಹೇಮಾವತಿ_ಪಿಜಿ
ಅಮ್ಮ, ಬರೆದದ್ದಕ್ಕೆ ನಿಮಗೆ ಕೈ ಮುಗೀತೀನಿ.

ಪ್ರಸೂತಿ_ಪದ್ಮ
ಹಾಸನದಲ್ಲಿ ಓಬಿಜಿ ಪ್ರಾಕ್ಟೀಸು ನಂದು. ಕೆಲ್ಸ ಇರುತ್ತಾ ಅಂತ ಕೇಳಿದ್ರಲ್ಲ, ನಮ್ಮ ಕಡೆಯಿಂದಲೇ ನಿಮಗೆ ಅರ್ಧ ಒಪಿಡಿ ತುಂಬುತ್ತೆ. ಅನಾಮಲಿ ಸ್ಕ್ಯಾನ್ 18-20 ವಾರಕ್ಕೆ ಬರ್ಬೇಕಾದೋರು ಬರೋದು 22ಕ್ಕೆ, ಅದೂ ಹಬ್ಬ ಮುಗಿಸ್ಕೊಂಡು. ಮಗು ತಲೇಲಿ ನೀರು, ಇಲ್ಲಾ ಕೈಕಾಲು ಮೂಳೆ ಗಿಡ್ಡ ಅಂತ ಬಂದ್ರೆ ಆಮ್ನಿಯೋ ಮಾಡಿಸಿ ರಿಪೋರ್ಟ್ ಬರೋಷ್ಟರಲ್ಲಿ 24 ವಾರ ದಾಟಿರುತ್ತೆ. 2021ರ ಎಂಟಿಪಿ (ಗರ್ಭಪಾತ ಕಾಯ್ದೆ) ತಿದ್ದುಪಡಿ ಪ್ರಕಾರ 24 ವಾರದ ಮೇಲೆ ಗಂಭೀರ ನ್ಯೂನತೆ ಇದ್ರೆ ರಾಜ್ಯದ ಮೆಡಿಕಲ್ ಬೋರ್ಡ್ ಮುಂದೆ ಹೋಗ್ಬೇಕು, ಅಲ್ಲಿ ಅವ್ರು ಕೇಳೋ ಮೊದಲ ಪ್ರಶ್ನೆನೇ ಇದು ಎಷ್ಟು ಗಂಭೀರ, ಹುಟ್ಟಿದ್ರೆ ಹೇಗಿರುತ್ತೆ ಅಂತ. ಅದಕ್ಕೆ ಉತ್ತರ ಕೊಡೋಕೆ ತಿಳಿದವರು ಬೇಕು. ಮೊದಲ ಮಗು ಹೋದಾಗ್ಲೇ ಡಯಾಗ್ನೋಸಿಸ್ ಆಗಿದ್ರೆ ಎರಡನೇ ಬಸಿರಲ್ಲಿ 11-12 ವಾರಕ್ಕೇ ಸಿವಿಎಸ್ (ಮಾಸಿನ ಚೂರು ತೆಗೆದು ಪರೀಕ್ಷೆ) ಮಾಡಿ ಮುಗಿಸಬಹುದು, ಈ ಓಡಾಟನೇ ಬೇಡ. ಆದ್ರೆ ಮೊದಲ ಮಗು ಹೋದಾಗ ಒಂದು ಇಡಿಟಿಎ ಟ್ಯೂಬ್ ರಕ್ತನೂ ಯಾರೂ ತೆಗೆದಿಟ್ಟಿರಲ್ಲ. ಮಣ್ಣು ಮಾಡಿ ಬಂದಿರ್ತಾರೆ, ಕೈಲಿ ಏನೂ ಇರಲ್ಲ.

ಇನ್ನೊಂದು, ಜೆನೆಟಿಕ್ ಕ್ಲಿನಿಕ್ ಅಂದ್ರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ರಿಜಿಸ್ಟ್ರೇಷನ್ ಬೇಕು, ಫಾರಂ ರಿಜಿಸ್ಟರು ಸರಿಯಾಗಿ ಇಡ್ಬೇಕು, ತಪ್ಪಿದ್ರೆ ಮಿಷನ್ ಸೀಲ್ ಮಾಡ್ತಾರೆ. ಹಾಸ್ಯ ಏನಂದ್ರೆ ಆ 1994ರ ಕಾಯ್ದೆಯಲ್ಲಿ ಮೆಡಿಕಲ್ ಜೆನೆಟಿಸಿಸ್ಟ್ ಅನ್ನಿಸ್ಕೊಳ್ಳೋಕೆ ಡಿಎಂ ಬೇಕಂತ ಇಲ್ಲ, ಎಂಬಿಬಿಎಸ್ ಆಗಿ ಆ ಕ್ಷೇತ್ರದಲ್ಲಿ ಎರಡು ವರ್ಷ ಅನುಭವ ಇದ್ರೂ ಆಗುತ್ತೆ. ಡಿಎಂ ಮಾಡಿದೋರು ಸಿಗದ ಕಾಲದಲ್ಲಿ ಬರೆದ ಕಾಯ್ದೆ ಅದು.

ಬೇಲೂರ್_ಬಾಯ್
ಮಧ್ಯೆ ಬರ್ತಿದ್ದೀನಿ ಸಾರಿ. ಮನೇಲಿ ನಮ್ಮಕ್ಕನ ಮಗಳನ್ನೇ ಮದ್ವೆ ಆಗು ಅಂತಿದ್ದಾರೆ. ನಮ್ಮ ಕಡೆ ಎಲ್ಲಾ ಹಂಗೇ ಆಗಿರೋದು, ಯಾರಿಗೂ ಏನೂ ಆಗಿಲ್ಲ. ಇದಕ್ಕೆ ಒಂದು ಬ್ಲಡ್ ಟೆಸ್ಟ್ ಇದೆಯಾ, ಮಾಡಿಸಿದ್ರೆ ಸೇಫಾ?

ಜೀನ್_ಗೌಡ
ಬೇಲೂರಣ್ಣ, ಚಿಕ್ಕದಾಗಿ ಹೇಳ್ತೀನಿ. ಸೋದರಮಾವ-ಅಕ್ಕನ ಮಗಳ ಮಗೂಗೆ ಒಂದು ಜೀನ್‌ನ ಎರಡೂ ಪ್ರತಿ ಒಂದೇ ಪೂರ್ವಿಕರಿಂದ ಬರೋ ಸಾಧ್ಯತೆ 8ರಲ್ಲಿ 1, ಅತ್ತೆ ಮಗ-ಮಾವನ ಮಗಳಾದ್ರೆ 16ರಲ್ಲಿ 1. ಆ ಪ್ರತಿ ಕೆಟ್ಟದ್ದಾಗಿದ್ರೆ ಕಾಯಿಲೆ, ಇಲ್ಲಾಂದ್ರೆ ಏನಿಲ್ಲ. ಅದಕ್ಕೇ ಬಹಳ ಮನೆಗಳಲ್ಲಿ ಏನೂ ಆಗಿರಲ್ಲ, ಆದ ಮನೇಲಿ ಮಾತ್ರ ಸಾಲಾಗಿ ಆಗುತ್ತೆ. ಕ್ಯಾರಿಯರ್ (ಕಾಯಿಲೆ ಇಲ್ಲದಿದ್ರೂ ಕೆಟ್ಟ ಪ್ರತಿ ಒಂದು ಇರೋರು) ಸ್ಕ್ರೀನಿಂಗ್ ಅಂತ ಟೆಸ್ಟ್ ಇದೆ, ಇಬ್ಬರೂ ಒಂದೇ ಜೀನಿಗೆ ಕ್ಯಾರಿಯರ್ ಆಗಿದ್ರೆ ಪ್ರತಿ ಬಸಿರಲ್ಲೂ 25% ರಿಸ್ಕ್. ಟೆಸ್ಟ್ ಎಲ್ಲಾ ಕಾಯಿಲೆ ಹಿಡಿಯಲ್ಲ, ಪೂರ್ತಿ ಸೇಫ್ ಅಂತ ಯಾರಾದ್ರೂ ಬರ್ಕೊಟ್ರೆ ನಂಬ್ಬೇಡಿ. ಮದ್ವೆಗೆ ಮುಂಚೆ ಇಬ್ಬರೂ ಹೋಗಿ ಒಂದು ಸಲ ಜೆನೆಟಿಕ್ಸ್ ಒಪಿಡೀಲಿ ಕೂತು ಮಾತಾಡಿ. ಮತ್ತೆ, ಹುಡುಗಿಗೆ ಇಷ್ಟ ಇದೆಯಾ ಕೇಳಿದ್ರಾ?

ಬೇಲೂರ್_ಬಾಯ್
ಕೇಳಿಲ್ಲ 😅

ಮಲ್ನಾಡ್_ಮಕ್ಕಳವೈದ್ಯ
ಇಷ್ಟು ಹೊತ್ತು ಓದ್ತಾ ಇದ್ದೆ. ಚಿಕ್ಕಮಗಳೂರಲ್ಲಿ ಮಕ್ಕಳ ಪ್ರಾಕ್ಟೀಸು ನನ್ನದು, ವಯಸ್ಸಾಗಿದೆ, ಟೈಪಿಂಗ್ ನಿಧಾನ.

ನಮ್ಮ ಕಡೆ ಜೆನೆಟಿಕ್ಸ್ ಏನು ಕೆಲಸ ಮಾಡುತ್ತೆ ಅಂತ ಯಾರಾದ್ರೂ ಕೇಳಿದ್ರೆ ಹಂದಿಗೋಡು ಅಂತ ಹೇಳಿ. ಸಾಗರ ತಾಲೂಕಿನ ಹಂದಿಗೋಡಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಕಾಯಿಲೆ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುಟುಂಬಗಳಲ್ಲೂ ಇದೆ. ಸೊಂಟ, ಮಂಡಿ ಕೀಲು ಸವೆದು ನೋವು, ಕೆಲವರಿಗೆ ಕುಳ್ಳು ದೇಹ, ಆಮೇಲೆ ನಡೆಯೋಕೇ ಆಗಲ್ಲ. ಶುರುವಿಗೆ ಏನಂದ್ಕೊಂಡ್ರು ಗೊತ್ತಾ, ಗದ್ದೆ ಏಡಿ ತಿಂದು, ಅದರಲ್ಲಿದ್ದ ಕೀಟನಾಶಕದಿಂದ ಬಂತು ಅಂತ. ಬಡವರ ಮನೆ ಕಾಯಿಲೆ, ಬಡವರ ಊಟದ ಮೇಲೆ ಅನುಮಾನ. ಆಮೇಲೆ ಮನೆಮನೆಗೆ ಹೋಗಿ ವಂಶಾವಳಿ ಹಾಕಿದಾಗ ಆಟೋಸೋಮಲ್ ಡಾಮಿನೆಂಟ್ ಅಂತ ಸ್ಪಷ್ಟ ಆಯ್ತು, ಅಂದ್ರೆ ಅಪ್ಪ ಅಮ್ಮ ಯಾರಿಗಾದ್ರೂ ಒಬ್ಬರಿಗೆ ಇದ್ರೆ ಪ್ರತಿ ಮಗೂಗೂ ಅರ್ಧಕ್ಕರ್ಧ ಸಾಧ್ಯತೆ. ಜೀನ್_ಗೌಡರು ಹೇಳಿದ ಆ ಪೆಡಿಗ್ರೀ ಬರೆಯೋ ಕೆಲಸವೇ ಅದು.

ಈಗ ಕಹಿ ಮಾತು. ಹೇಮಾವತಿ, ಬರೀ ಜೆನೆಟಿಕ್ಸ್ ಬೋರ್ಡ್ ಹಾಕಿ ಜಿಲ್ಲಾ ಊರಲ್ಲಿ ಕೂತ್ರೆ ಬಾಡಿಗೆ ಹುಟ್ಟಲ್ಲಮ್ಮ. ಒಂದು ಗಂಟೆ ಮಾತಾಡಿದ್ದಕ್ಕೆ ನಮ್ಮ ಜನ ದುಡ್ಡು ಕೊಡಲ್ಲ, ಸೂಜಿ ಇಲ್ಲ ಮಾತ್ರೆ ಇಲ್ಲ ಯಾತಕ್ಕೆ ಫೀಸು ಅಂತಾರೆ. ಮಕ್ಕಳ ಡಾಕ್ಟರಾಗಿ ಕೂತ್ಕೊ, ವಾರದಲ್ಲಿ ಒಂದು ದಿನ ಜೆನೆಟಿಕ್ಸ್ ಒಪಿಡಿ ಇಡು, ಸುತ್ತ ತಾಲೂಕಿನ ಡಾಕ್ಟರುಗಳಿಗೆ ಫೋನಲ್ಲಿ ಸಿಗು. ಇಲ್ಲಾ ಹಾಸನದ ಹಿಮ್ಸ್ ಥರದ ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ ಪೀಡಿಯಾಟ್ರಿಕ್ಸ್ ಫ್ಯಾಕಲ್ಟಿಯಾಗಿ ಸೇರಿ ಅಲ್ಲೇ ಕ್ಲಿನಿಕ್ ಶುರು ಮಾಡು, ನಮ್ಮೂರಲ್ಲೂ ಈಗ ಮೆಡಿಕಲ್ ಕಾಲೇಜು ಬಂದಿದೆ.

ಅಪರೂಪದ ಕಾಯಿಲೆಗೆ 2021ರ ರಾಷ್ಟ್ರೀಯ ನೀತಿ ಪ್ರಕಾರ 50 ಲಕ್ಷದವರೆಗೆ ನೆರವು ಇದೆ, ಮೊದಲು 20 ಲಕ್ಷ ಇತ್ತು, 2022ರಲ್ಲಿ ಏರಿಸಿದ್ರು. ಆದ್ರೆ ಅದು ಸಿಗೋದು ಸೆಂಟರ್ ಆಫ್ ಎಕ್ಸಲೆನ್ಸ್ ಮೂಲಕ, ನಮಗೆ ಹತ್ತಿರದ್ದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಕಡೂರಿನ ಹಳ್ಳಿಯ ಅಪ್ಪ ಅಲ್ಲಿಗೆ ತಲುಪೋ ಮುಂಚೆ ಯಾರೋ ಒಬ್ಬರು ಇದು ಗೋಶೇ (ಲಿವರ್ ಸ್ಪ್ಲೀನ್ ಊದೋ ಒಂದು ಎಂಜೈಮ್ ಕಾಯಿಲೆ) ಇರಬಹುದು, ಈ ಎಂಜೈಮ್ ಟೆಸ್ಟ್ ಮಾಡಿಸಿ, ಈ ಕಾಗದ ಹಿಡ್ಕೊಂಡು ಹೋಗಿ ಅಂತ ಹೇಳ್ಬೇಕು. ಆ ಯಾರೋ ಒಬ್ಬರು ಈಗ ನಮ್ಮ ಎರಡೂ ಜಿಲ್ಲೇಲಿ ಸಾಲದು.

ಜೀನ್_ಗೌಡ
ಸಾರ್, ನಿಮ್ಮ ಮಾತು ಒಪ್ತೀನಿ, ಒಂದು ಬಿಟ್ಟು. ವಾರಕ್ಕೊಂದು ದಿನ ಜೆನೆಟಿಕ್ಸ್, ಮಿಕ್ಕ ಆರು ದಿನ ನೆಗಡಿ ಕೆಮ್ಮು ಅಂದ್ರೆ ಕಲಿತದ್ದು ಕೈಬಿಟ್ಟು ಹೋಗುತ್ತೆ. ವೇರಿಯಂಟ್ ಓದೋದು ದಿನಾ ಮಾಡ್ತಿದ್ರೇನೇ ಬರೋದು. ಬೆಂಗಳೂರಲ್ಲೋ ಮಣಿಪಾಲದಲ್ಲೋ ದೊಡ್ಡ ಡಿಪಾರ್ಟ್‌ಮೆಂಟಲ್ಲಿದ್ದು ತಿಂಗಳಿಗೆ ಎರಡು ಸಲ ಹಾಸನಕ್ಕೆ ಬಂದು ಕ್ಯಾಂಪ್ ಮಾಡೋದು ನನಗೆ ಸರಿ ಅನ್ಸುತ್ತೆ.

ಮಲ್ನಾಡ್_ಮಕ್ಕಳವೈದ್ಯ
ತಿಂಗಳಿಗೆರಡು ಸಲ ಬರೋ ಡಾಕ್ಟ್ರು ಆರು ತಿಂಗಳಾದ್ಮೇಲೆ ಬರಲ್ಲಪ್ಪ. ನಾನು ಬಹಳ ಜನರನ್ನ ನೋಡಿದ್ದೀನಿ.

ಪ್ರಸೂತಿ_ಪದ್ಮ
ಇದರಲ್ಲಿ ನಾನು ಹಿರಿಯರ ಪಕ್ಷ.

ಮೂಡಿಗೆರೆ_ಟು_ಮಿಡ್‌ವೆಸ್ಟ್
ಅಮೆರಿಕದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಇಲ್ಲಿ ಪೀಡಿಯಾಟ್ರಿಕ್ಸ್-ಜೆನೆಟಿಕ್ಸ್ ಕಂಬೈನ್ಡ್ ಪ್ರೋಗ್ರಾಮಲ್ಲಿದ್ದೀನಿ. ಇಲ್ಲಿ ಇದು ಫೆಲೋಶಿಪ್ ಅಲ್ಲ, ರೆಸಿಡೆನ್ಸಿನೇ, ಹೆಸರು ಮೆಡಿಕಲ್ ಜೆನೆಟಿಕ್ಸ್ ಅಂಡ್ ಜೀನೋಮಿಕ್ಸ್. ಬೇರೆ ಕ್ಲಿನಿಕಲ್ ರೆಸಿಡೆನ್ಸಿ ಕಮ್ಮಿ ಅಂದ್ರೆ ಒಂದು ವರ್ಷ ಮಾಡಿದ ಮೇಲೆ ಎರಡು ವರ್ಷದ ಜೆನೆಟಿಕ್ಸ್, ಇಲ್ಲಾ ಪೀಡಿಯಾಟ್ರಿಕ್ಸ್ ಜೊತೆಗೋ ಇಂಟರ್ನಲ್ ಮೆಡಿಸಿನ್ ಜೊತೆಗೋ ಸೇರಿಸಿ ನಾಲ್ಕು ವರ್ಷ, ಎರಡೂ ಬೋರ್ಡ್ ಬರೀಬಹುದು. ಸರ್ಟಿಫಿಕೇಟ್ ಕೊಡೋದು ಎಬಿಎಂಜಿಜಿ ಅನ್ನೋ ಇಲ್ಲಿನ ಜೆನೆಟಿಕ್ಸ್ ಬೋರ್ಡ್, 1991ರಿಂದ ಇದು ಅಧಿಕೃತ ಸ್ಪೆಷಾಲಿಟಿ. ಮುಗಿದ್ಮೇಲೆ ಒಂದು ವರ್ಷ ಮೆಡಿಕಲ್ ಬಯೋಕೆಮಿಕಲ್ ಜೆನೆಟಿಕ್ಸ್, ಇಲ್ಲಾ ಎರಡು ವರ್ಷ ಲ್ಯಾಬ್ ಜೆನೆಟಿಕ್ಸ್ ಫೆಲೋಶಿಪ್ ಮಾಡೋರೂ ಇದ್ದಾರೆ.

ಹೇಮಾ, ಮುಖ್ಯವಾದದ್ದು, ಇಂಡಿಯಾದ ಎಂಡಿ ಇಲ್ಲಿ ಆ ಒಂದು ವರ್ಷಕ್ಕೆ ಲೆಕ್ಕಕ್ಕಿಲ್ಲ. ಯುಎಸ್‌ಎಂಎಲ್‌ಇ (ಇಲ್ಲಿನ ಲೈಸೆನ್ಸ್ ಪರೀಕ್ಷೆ) ಬರ್ದು, ಇಸಿಎಫ್‌ಎಂಜಿ (ಹೊರದೇಶದ ಡಾಕ್ಟರುಗಳ ಸರ್ಟಿಫಿಕೇಟ್) ಮುಗಿಸಿ, ಮ್ಯಾಚಿಗೆ (ರೆಸಿಡೆನ್ಸಿ ಸೀಟು ಹಂಚಿಕೆ) ಹೋಗಿ ಮತ್ತೆ ಇಂಟರ್ನ್ ಆಗಿ ಶುರು. ಜೆನೆಟಿಕ್ಸಲ್ಲಿ ಮ್ಯಾಚ್ ಆದ್ಮೇಲೂ ಸೀಟು ಉಳಿಯೋದು ಸಾಮಾನ್ಯ, ಹಂಗಾಗಿ ಹೊರಗಿನವರಿಗೆ ಬಾಗಿಲು ಇನ್ನೂ ತೆರೆದಿದೆ. ಯಾಕೆ ಉಳಿಯುತ್ತೆ ಅಂದ್ರೆ ಇಲ್ಲೂ ಕಥೆ ಅದೇ, ಕೈಯಾಡಿಸೋ ಪ್ರೊಸೀಜರ್ ಇಲ್ಲ, ಸಂಬಳ ಬೇರೆಯವರಿಗಿಂತ ಕಮ್ಮಿ. ಜೆ-1 ವೀಸಾ ಆದ್ರೆ ಟ್ರೈನಿಂಗ್ ಮುಗಿದ್ಮೇಲೆ ಎರಡು ವರ್ಷ ಊರಿಗೆ ಹೋಗ್ಬೇಕು, ಇಲ್ಲಾ ವೇವರ್ ಹುಡುಕ್ಬೇಕು.

ಟ್ರೈನಿಂಗಲ್ಲಿ ದೊಡ್ಡ ವ್ಯತ್ಯಾಸ ಅಂದ್ರೆ ನ್ಯೂಬಾರ್ನ್ ಸ್ಕ್ರೀನಿಂಗ್. ಇಲ್ಲಿ ಹುಟ್ಟಿದ ಪ್ರತಿ ಮಗೂ ಹಿಮ್ಮಡಿ ಚುಚ್ಚಿ ಫಿಲ್ಟರ್ ಪೇಪರ್ ಮೇಲೆ ರಕ್ತ ಹಾಕ್ತಾರೆ, ಪಾಸಿಟಿವ್ ಬಂದ್ರೆ ಫೋನ್ ಬರೋದು ನಮಗೆ. ನಡುರಾತ್ರಿ ಅಮೋನಿಯಾ ಏರಿರೋ ಮಗು ಇದೆ ಅಂತ ಪೇಜರ್ ಹೊಡ್ಕೊಂಡ್ರೆ ಪ್ರೋಟೀನ್ ನಿಲ್ಲಿಸಿ, ಗ್ಲೂಕೋಸ್ ಓಡಿಸಿ, ಡಯಾಲಿಸಿಸ್‌ನೋರನ್ನ ಎಬ್ಬಿಸೋದು ಜೆನೆಟಿಕ್ಸ್ ರೆಸಿಡೆಂಟ್ ಕೆಲಸ. ಆ ಅನುಭವ ಇಲ್ಲಿ ಚೆನ್ನಾಗಿ ಸಿಗುತ್ತೆ. ಸಂಬಂಧದೊಳಗಿನ ಮದ್ವೆಯಿಂದ ಬರೋ ರಿಸೆಸಿವ್ (ಜೀನ್‌ನ ಎರಡೂ ಪ್ರತಿ ಕೆಟ್ಟಿದ್ರೆ ಬರೋ) ಕಾಯಿಲೆ ಮಾತ್ರ ಊರಲ್ಲಿ ಒಂದು ತಿಂಗಳಲ್ಲಿ ನೋಡೋಷ್ಟು ಇಲ್ಲಿ ವರ್ಷಕ್ಕೂ ನೋಡಲ್ಲ. ಹಾಸನದಲ್ಲಿ ಕೆಲಸ ಮಾಡೋದು ಗ್ಯಾರಂಟಿ ಅನ್ನೋದಾದ್ರೆ ಅಲ್ಲೇ ಡಿಎಂ ಮಾಡು ಅಂತೀನಿ ನಾನು. ಲಂಡನ್ ಕಡೆ ಯೋಚನೆ ಇದ್ರೆ ಎಂಆರ್‌ಸಿಪಿಸಿಎಚ್ (ಬ್ರಿಟನ್ನಿನ ಮಕ್ಕಳ ಡಾಕ್ಟರ್ ಪರೀಕ್ಷೆ) ಆದ್ಮೇಲೆ ಎಸ್‌ಟಿ3 ಅನ್ನೋ ಟ್ರೈನಿಂಗ್ ಹಂತದಿಂದ ನಾಲ್ಕು ವರ್ಷದ ಕ್ಲಿನಿಕಲ್ ಜೆನೆಟಿಕ್ಸ್, ಅದರ ಬಗ್ಗೆ ಬೇರೆಯವರು ಬರೀಲಿ.

ಲೆಕ್ಕಾಚಾರ_ಲೋಕಿ
ಸರಿ ಗುರು, ಒಪ್ಕೊಂಡೆ, ಆಪ್ ವಿಷಯ ವಾಪಸ್ ತಗೋತೀನಿ. ದುಡ್ಡಿನ ವಿಷಯ ಮಾತ್ರ ಹಂಗೇ ಇದೆ. ಎಂಡಿಗೆ ಲೋನ್ ಮಾಡಿರೋ ಮಧ್ಯಮ ವರ್ಗದ ಹುಡುಗಿಗೆ ಸಮಾಜಸೇವೆ ಮಾಡು ಅಂತ ಹೇಳೋದು ನಮಗೆಲ್ಲ ಸುಲಭ.

ಮಲ್ನಾಡ್_ಮಕ್ಕಳವೈದ್ಯ
ಲೋಕಿ ಹೇಳಿದ್ದು ನ್ಯಾಯ. ಅದಕ್ಕೇ ಮಕ್ಕಳ ಪ್ರಾಕ್ಟೀಸ್ ಬಿಡಬೇಡ ಅಂದದ್ದು ನಾನು.

ಹೇಮಾವತಿ, ಇನ್ನೊಂದು ದಾರಿ ಇದೆ. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ 2019ರಲ್ಲಿ ಉಮ್ಮೀದ್ ಅಂತ ಯೋಜನೆ ತಂತು, ಸರ್ಕಾರಿ ಆಸ್ಪತ್ರೆ ಡಾಕ್ಟರುಗಳಿಗೆ ಜೆನೆಟಿಕ್ಸ್ ತರಬೇತಿ ಕೊಡೋದೂ ಅದರೊಳಗೆ ಸೇರಿದೆ. ಡಿಎಂಗೆ ಅದು ಸಮ ಅಲ್ಲ, ಆದ್ರೂ ರುಚಿ ನೋಡೋಕೆ ಆಗುತ್ತೆ. ಪರೀಕ್ಷೆ ಮುಗಿದ ಮೇಲೆ ಒಂದೆರಡು ವಾರ ಬೆಂಗಳೂರಿನ ಆ ಸೆಂಟರಲ್ಲೋ ಮಣಿಪಾಲ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗದಲ್ಲೋ ಅಬ್ಸರ್ವರ್ ಆಗಿ ಕೂರೋಕೆ ಬಿಡ್ತಾರಾ ಅಂತ ಕೇಳು. ದಿನಕ್ಕೆ ಐದಾರು ಫ್ಯಾಮಿಲಿ, ಅದರಲ್ಲಿ ಮೂರು ಮನೆಗೆ ಔಷಧಿ ಇಲ್ಲ ಅಂತ ಹೇಳೋದನ್ನ ನೋಡಿ, ಮಾರನೇ ದಿನ ಬೆಳಗ್ಗೆ ಮತ್ತೆ ಅಲ್ಲಿಗೆ ಹೋಗೋಕೆ ಮನಸ್ಸು ಬರುತ್ತಾ ನೋಡ್ಕೊ. ಬಂದ್ರೆ ಅರ್ಜಿ ಹಾಕು. ಬರದಿದ್ರೆ ನಿಯೋನೇಟಾಲಜಿನೂ ಕೆಟ್ಟದ್ದೇನಲ್ಲ.

ಹೇಮಾವತಿ_ಪಿಜಿ
ಎಚ್‌ಒಡಿ ಮೇಡಂ ಹತ್ರ ಮಾತಾಡಿದೆ, ಎಕ್ಸಾಮ್ ಆದ್ಮೇಲೆ ಲೆಟರ್ ಕೊಡ್ತೀನಿ ಅಂದ್ರು. ಮಣಿಪಾಲಕ್ಕೆ ಕೇಳೋಣ ಅಂತ. ಅಪ್ಪ ಇನ್ನೂ ನಿಯೋ ಅಂತಾನೇ ಇದ್ದಾರೆ, ಇರ್ಲಿ. ಅಷ್ಟೊತ್ತಿಗೆ ಮಳೆಗಾಲ, ಹಾಸನದಿಂದ ಶಿರಾಡಿ ಘಾಟಿ ನಂಬ್ಕೊಂಡು ಹೋಗಬಹುದಾ?

ಟ್ಯೂಬ್_ಮಾಸ್ಟರ್
ಮಳೆ ಜೋರಾದ್ರೆ ಶಿರಾಡಿ ಗ್ಯಾರಂಟಿ ಇಲ್ಲ ಮೇಡಂ, ಗುಡ್ಡ ಕುಸಿದ್ರೆ ಸಕಲೇಶಪುರದಲ್ಲೇ ನಿಲ್ಲಿಸ್ತಾರೆ. ರಾತ್ರಿ ಬಸ್ ಬೇಡ, ಬೆಳಗಿನ ಬಸ್ ಹಿಡೀರಿ. ಬಂದ್ ಆದ್ರೆ ಮೂಡಿಗೆರೆ ಮೇಲೆ ಚಾರ್ಮಾಡಿ, ಅದೂ ಬಂದ್ ಆದ್ರೆ ಆ ದಿನ ಮನೇಲಿರಿ.